ಸೀಮೆ, ಗಡಿ, ಒಕ್ಕಲು: ಸೋಮನಾಥಪುರ ಪರಿಸರದ ಆಡಳಿತ ಭೂಗೋಳ ಮತ್ತು ಜನಸಮುದಾಯಗಳು

ಪ್ರವೇಶ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರ ಎಂದೊಡನೆ ವಿದ್ವಾಂಸರಿಗೆ ನೆನಪಾಗುವುದು ಅಲ್ಲಿನ ಕೇಶವ ದೇವಾಲಯ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠಾಪಿಸಿದ ಈ ತ್ರಿಕೂಟಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರು 1917ರಲ್ಲಿಯೇ ಪ್ರತ್ಯೇಕ ಗ್ರಂಥವೊಂದನ್ನು ಹೊರತಂದರು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು ಮತ್ತು ಹಳೇಬೀಡುಗಳೊಂದಿಗೆ ಈ ದೇವಾಲಯವೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ದೇವಾಲಯದ ಹೊರಗಿನ ಊರು, ಊರಿನಾಚೆಯ ನಾಡು, ಆ ನಾಡಿನಲ್ಲಿ ನೆಲೆನಿಂತ ಹಲವು ಕುಲಗಳ ಜನ ಇವರ ಇತಿಹಾಸ ಮಾತ್ರ ಶಿಲ್ಪದ ಅಧ್ಯಯನದಷ್ಟು ಗಮನವನ್ನು ಪಡೆದಿಲ್ಲ.

ಕಾವೇರಿ ಮತ್ತು ಕಪಿಲೆಯರ ನಡುವಣ ನರಸೀಪುರ ಹಾಗೂ ನಂಜನಗೂಡು ತಾಲ್ಲೂಕುಗಳ ಪ್ರದೇಶ ಬಹುಸಮುದಾಯಗಳ ನೆಲೆ. ಇಂತಹ ಪ್ರದೇಶವನ್ನು ಅರಿಯಲು ಮೂರು ಬಗೆಯ ಎಲ್ಲೆಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು ಪ್ರಭುತ್ವವು ಎಳೆದ ಎಲ್ಲೆ. ಅದನ್ನು ಸೀಮೆ ಎನ್ನಬಹುದು. ಎರಡನೆಯದು ಕುಲಪಂಚಾಯಿತಿಗಳ ಎಲ್ಲೆ. ಜನರ ಬಾಯಲ್ಲಿ ಅದು ಗಡಿ ಇಲ್ಲವೆ ಕಟ್ಟೆಮನೆ. ಮೂರನೆಯದು ದೈವದ ಎಲ್ಲೆ, ಒಂದು ದೇವರಿಗೆ ನಡೆದುಕೊಳ್ಳುವ ಮನೆತನಗಳ ಹರಹು, ಅದೇ ಒಕ್ಕಲು. ಸೀಮೆ ಪದೇ ಪದೇ ಬದಲಾಗಿದೆ. ಗಡಿ ಮತ್ತು ಒಕ್ಕಲುಗಳು ಅಷ್ಟು ಬೇಗ ಬದಲಾಗಿಲ್ಲ. ಈ ಪ್ರದೇಶದ ಜನ ಯಾರು, ಅವರ ನಡುವಣ ಸಂಬಂಧವೇನು ಎಂಬ ಪ್ರಶ್ನೆಗೆ ಸರ್ಕಾರಿ ಕಡತಗಳು ಕೊಡುವ ಉತ್ತರಕ್ಕೂ ಆಚರಣೆಗಳು ಕೊಡುವ ಉತ್ತರಕ್ಕೂ ಇರುವ ಅಂತರವನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಭೌಗೋಳಿಕ ಹಿನ್ನೆಲೆ

ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಶ್ರೀರಂಗಪಟ್ಟಣವನ್ನು ದಾಟಿ ಆಗ್ನೇಯಕ್ಕೆ ಹರಿದು ಬನ್ನೂರು, ಸೋಮನಾಥಪುರ, ಸೋಸಲೆಗಳ ಪರಿಸರವನ್ನು ಹಾದು ಬರುತ್ತದೆ. ಕೇರಳದ ವಯನಾಡಿನಿಂದ ಇಳಿಯುವ ಕಪಿಲೆ, ಅಂದರೆ ಕಬಿನಿಯು ನಂಜನಗೂಡನ್ನು ಬಳಸಿಕೊಂಡು ಬಂದು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಸ್ಫಟಿಕ ಸರೋವರವೆಂಬ ಕಣ್ಣಿಗೆ ಕಾಣದ ಮೂರನೆಯ ತೀರ್ಥವೂ ಅಲ್ಲಿ ಸೇರುತ್ತದೆಂಬುದು ನಂಬಿಕೆ. ತಿರುಮಕೂಡಲು ಎಂಬ ಹೆಸರಿನಲ್ಲಿಯೇ ತಮಿಳಿನ ‘ತಿರು’ ಎಂಬ ಗೌರವವಾಚಿಯೂ ಕನ್ನಡದ ‘ಕೂಡಲು’ ಎಂಬ ಮಾತೂ ಬೆರೆತಿವೆ. ಊರಿನ ಹೆಸರೇ ಎರಡು ಭಾಷೆಗಳ ಸಂಗಮವಾಗಿರುವುದು ಈ ಪ್ರದೇಶದ ಸ್ವರೂಪಕ್ಕೆ ಒಪ್ಪುವಂತಿದೆ.

ಸಂಗಮದ ಸುತ್ತಣ ನೆಲದಲ್ಲಿ ಜನವಸತಿ ಬಹಳ ಹಳೆಯದು. ಎಂ. ಶೇಷಾದ್ರಿಯವರು 1959ರಿಂದ 1965ರ ಅವಧಿಯಲ್ಲಿ ನರಸೀಪುರದಲ್ಲಿ ನಡೆಸಿದ ಉತ್ಖನನಗಳಿಂದ ನವಶಿಲಾಯುಗದ ಜನರ ನೆಲೆ ಬೆಳಕಿಗೆ ಬಂದಿತು. ಹೊಳೆಯ ಬದಿಯ ಮೆಕ್ಕಲುಮಣ್ಣು, ಎತ್ತರದ ಕೆಮ್ಮಣ್ಣಿನ ಹೊಲ, ತೆಂಕಣದ ಕಾಡು ಮತ್ತು ಬೆಟ್ಟ ಎಂಬ ಮೂರು ಬಗೆಯ ನೆಲ ಇಲ್ಲಿ ಹತ್ತಿರ ಹತ್ತಿರದಲ್ಲಿ ಇವೆ. ಬೇಸಾಯ, ಪಶುಪಾಲನೆ, ಮೀನುಗಾರಿಕೆ, ಬೇಟೆ, ಉಪ್ಪು ತೆಗೆಯುವುದು, ನೇಯ್ಗೆ ಮೊದಲಾದ ಕಸುಬುಗಳ ಕುಲಗಳು ಒಂದೆಡೆ ನೆರೆಯಲು ಈ ವೈವಿಧ್ಯವೇ ಮುಖ್ಯ ಕಾರಣವಾಗಿದೆ.

ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ಕಾಲುವೆ ತೆಗೆಯುವ ಪದ್ಧತಿ ಇಲ್ಲಿ ವಿಜಯನಗರದ ಕಾಲದಷ್ಟು ಹಿಂದಿನದು. ತಲಕಾಡಿನ ಬಳಿಯ ಮಾಧವಮಂತ್ರಿ ಕಟ್ಟೆ ಹಾಗೂ ಕಪಿಲೆಗೆ ಕಟ್ಟಿದ ಹುಲ್ಲಹಳ್ಳಿ ಕಟ್ಟೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತವೆ. 1970ರ ದಶಕದಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಜಲಾಶಯ ಸಿದ್ಧವಾದ ಮೇಲೆ, ಅನಂತರ ವರುಣಾ ನಾಲೆ ಹರಿದ ಮೇಲೆ ನೀರಾವರಿಯ ಎಲ್ಲೆ ಇನ್ನಷ್ಟು ವಿಸ್ತರಿಸಿತು. ಗದ್ದೆಬಯಲು ಮತ್ತು ಬೆದ್ದಲು ಎಂಬ ಈ ವ್ಯತ್ಯಾಸವು ಕೇವಲ ಬೆಳೆಯ ವ್ಯತ್ಯಾಸವಲ್ಲ. ಹೊಳೆಯ ಬದಿಯಲ್ಲಿ ಅಗ್ರಹಾರಗಳು, ಮಠಮಾನ್ಯಗಳು, ದೇವಾಲಯದ ಊರುಗಳು ಬೆಳೆದವು. ಬೆದ್ದಲಿನ ಕಡೆ ಹುಂಡಿ, ಕೊಪ್ಪಲು, ದೊಡ್ಡಿ, ಮೋಳೆ ಎಂಬ ಹೆಸರುಗಳುಳ್ಳ ಸಣ್ಣ ಊರುಗಳು ಹುಟ್ಟಿಕೊಂಡವು. ಅಗ್ರಹಾರಕ್ಕೆ ಶಾಸನವುಂಟು, ಹುಂಡಿಗೆ ಶಾಸನವಿಲ್ಲ. ಹುಂಡಿಗಳಲ್ಲಿ ಅನೇಕವು ಒಂದೇ ಕುಲದವರ ಕೆಲವು ಮನೆಗಳಿಂದ ಆರಂಭವಾದವು. ಅವುಗಳ ಇತಿಹಾಸ ಸ್ಥಳನಾಮದಲ್ಲಿ, ಮನೆದೇವರ ಹೆಸರಿನಲ್ಲಿ, ಮೂಲದ ಊರಿಗೆ ವರ್ಷಕ್ಕೊಮ್ಮೆ ಹೋಗಿಬರುವ ವಾಡಿಕೆಯಲ್ಲಿ ಉಳಿದಿದೆ.

ಆಡಳಿತ ವಿಭಾಗಗಳ ಪರಿವರ್ತನೆ

ಗಂಗರ ಕಾಲದಲ್ಲಿ ಈ ಪ್ರದೇಶವು ಗಂಗವಾಡಿ ತೊಂಬತ್ತಾರು ಸಾವಿರದ ಹೃದಯಭಾಗವಾಗಿತ್ತು. ಇಂದು ನರಸೀಪುರ ತಾಲ್ಲೂಕಿನ ಹೋಬಳಿ ಕೇಂದ್ರವಾಗಿರುವ ತಲಕಾಡು ಆಗ ರಾಜಧಾನಿ. ಕ್ರಿ.ಶ. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರವೆಂದೂ ಗಂಗವಾಡಿಗೆ ಮುಡಿಕೊಂಡಚೋಳ ಮಂಡಲವೆಂದೂ ಹೆಸರಿಟ್ಟರು. ಸುಮಾರು ಒಂದು ಶತಮಾನದ ಚೋಳರ ಆಳ್ವಿಕೆಯಲ್ಲಿ ಮಂಡಲ, ವಳನಾಡು, ನಾಡು ಎಂಬ ವಿಭಾಗಕ್ರಮವು ಇಲ್ಲಿಯೂ ಜಾರಿಗೆ ಬಂದಿತು. ಈ ಭಾಗದ ಊರುಗಳಲ್ಲಿ ದೊರೆಯುವ ತಮಿಳು ಶಾಸನಗಳು ಆ ಕಾಲದ ಕೊಡುಗೆ. 1894ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನರಸೀಪುರ ಮತ್ತು ನಂಜನಗೂಡು ತಾಲ್ಲೂಕುಗಳ ಕನ್ನಡ ಹಾಗೂ ತಮಿಳು ಶಾಸನಗಳು ಅಕ್ಕಪಕ್ಕದಲ್ಲಿಯೇ ಇರುವುದನ್ನು ಕಾಣಬಹುದು.

ಹೊಯ್ಸಳ ವಿಷ್ಣುವರ್ಧನನು 1116-17ರ ವೇಳೆಗೆ ಚೋಳರನ್ನು ಹೊರಗಟ್ಟಿ ತಲಕಾಡುಗೊಂಡನೆಂಬ ಬಿರುದನ್ನು ಧರಿಸಿದನು. ಆ ಗೆಲುವಿನ ನೆನಪಿಗೆ ಅಲ್ಲಿ ಕೀರ್ತಿನಾರಾಯಣ ದೇವಾಲಯ ಎದ್ದಿತು. ಒಂದೂವರೆ ಶತಮಾನದ ಬಳಿಕ ಸೋಮನಾಥ ದಂಡನಾಯಕನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ನಿರ್ಮಿಸಿದಾಗ ಈ ನಾಡು ಪೂರ್ಣವಾಗಿ ಹೊಯ್ಸಳರ ಆಡಳಿತದಲ್ಲಿತ್ತು. ಅಗ್ರಹಾರದ ಆಡಳಿತ ಮಹಾಜನರದು. ವಿದ್ವಾಂಸರಾದ ಬ್ರಾಹ್ಮಣರಿಗೆ ವೃತ್ತಿಗಳನ್ನು ಹಂಚಿ, ದೇವಾಲಯದ ಸೇವೆಗಳಿಗೆ ದತ್ತಿ ಬಿಟ್ಟು, ಅದನ್ನೆಲ್ಲ ಶಾಸನದಲ್ಲಿ ನಮೂದಿಸಲಾಯಿತು. ವೈಷ್ಣವ ದೇವಾಲಯದ ಜೊತೆಗೆ ಶೈವರ ಪಂಚಲಿಂಗ ದೇವಾಲಯವನ್ನೂ ಸೋಮನಾಥನು ಅಲ್ಲಿ ಕಟ್ಟಿಸಿದನು. ಕೇಶವ ದೇವಾಲಯದ ಶಿಲ್ಪಗಳ ಅಡಿಯಲ್ಲಿ ಮಲ್ಲಿತಮ್ಮನೇ ಮೊದಲಾದ ರೂವಾರಿಗಳ ಹೆಸರುಗಳಿವೆ. ದುಡಿದವರ ಹೆಸರು ಕಲ್ಲಿನ ಮೇಲೆ ಉಳಿದ ಅಪರೂಪದ ಪ್ರಸಂಗ ಅದು. ಆದರೆ ಕಲ್ಲನ್ನು ಹೊತ್ತವರ, ಗದ್ದೆಯನ್ನು ಉತ್ತವರ, ಕಾಲುವೆಯ ನೀರನ್ನು ಕಾದವರ ಹೆಸರುಗಳಿಗೆ ಅಲ್ಲಿ ಎಡೆಯಿಲ್ಲ.

ವಿಜಯನಗರದ ಕಾಲದಲ್ಲಿ ಉಮ್ಮತ್ತೂರಿನ ಪಾಳೆಯಗಾರರು ಈ ಸೀಮೆಯಲ್ಲಿ ಪ್ರಬಲರಾಗಿದ್ದರು. ಕೃಷ್ಣದೇವರಾಯನು ತನ್ನ ಆಳ್ವಿಕೆಯ ಆರಂಭದಲ್ಲಿಯೇ ಅವರನ್ನು ಅಡಗಿಸಿದನು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದ ಮೇಲೆ ತಲಕಾಡು ಮತ್ತು ನಂಜನಗೂಡು ಸೀಮೆಗಳು ಕ್ರಮೇಣ ಮೈಸೂರು ಅರಸರ ಅಧೀನಕ್ಕೆ ಬಂದವು. ಆ ಅಧಿಕಾರ ಬದಲಾವಣೆಯನ್ನು ಜನಪದರು ತಮ್ಮದೇ ರೀತಿಯಲ್ಲಿ ನೆನಪಿಟ್ಟಿದ್ದಾರೆ. ತಲಕಾಡು ಮರಳಿನಲ್ಲಿ ಮುಚ್ಚಿಹೋಗಲೆಂದೂ ಮಾಲಂಗಿಯಲ್ಲಿ ಹೊಳೆ ಮಡುವಾಗಲೆಂದೂ ಅರಸರಿಗೆ ಸಂತಾನವಿಲ್ಲದಿರಲೆಂದೂ ಅಲಮೇಲಮ್ಮ ಶಪಿಸಿದಳೆಂಬ ಐತಿಹ್ಯ ಇಂದಿಗೂ ಜನಜನಿತ. ಸೋತವರ ಕಡೆಯಿಂದ ಹೇಳಿದ ಇತಿಹಾಸವು ಗೆದ್ದವರ ನಾಡಿನಲ್ಲಿಯೇ ನಾಲ್ಕು ಶತಮಾನ ಬದುಕಿರುವುದು ಗಮನಾರ್ಹ.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ನಡೆದ ವಿಭಜನೆ ಈ ಪ್ರದೇಶದ ಪಾಲಿಗೆ ನಿರ್ಣಾಯಕವಾಯಿತು. ನರಸೀಪುರ, ನಂಜನಗೂಡುಗಳು ಮೈಸೂರು ಸಂಸ್ಥಾನದಲ್ಲಿ ಉಳಿದವು. ಅವುಗಳಿಗೆ ನೆರೆಯದಾದ ಕೊಳ್ಳೇಗಾಲವು ಕಂಪನಿಯ ವಶಕ್ಕೆ ಹೋಗಿ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತು. ನಡುವಣ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೀಗೆ ಒಂದು ದಿನದ ನಡಿಗೆಯ ಅಳತೆಯಲ್ಲಿ ಸಂಸ್ಥಾನ, ಜಹಗೀರು, ಬ್ರಿಟಿಷ್ ಜಿಲ್ಲೆ ಎಂಬ ಮೂರು ಆಡಳಿತಗಳು ನೆಲೆಗೊಂಡವು. 1831ರಿಂದ 1881ರವರೆಗಿನ ಕಮಿಷನರುಗಳ ಆಡಳಿತದಲ್ಲಿ ಮೈಸೂರು ಜಿಲ್ಲೆಯು ಅಷ್ಟಗ್ರಾಮ ವಿಭಾಗಕ್ಕೆ ಸೇರಿತ್ತು. ತಲಕಾಡು ತಾಲ್ಲೂಕಿನ ಕಚೇರಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನರಸೀಪುರಕ್ಕೆ ಹೋಗಿ, ತಾಲ್ಲೂಕಿನ ಹೆಸರೂ ಬದಲಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಗಳು ಮತ್ತೆ ಸರಿದವು. 1939ರಲ್ಲಿ ಮಂಡ್ಯ ಜಿಲ್ಲೆ ಬೇರೆಯಾದಾಗ ನೆರೆಯ ಮಳವಳ್ಳಿ ತಾಲ್ಲೂಕು ಆ ಜಿಲ್ಲೆಗೆ ಹೋಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಮರಳಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಾಗ ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲಗಳು ಹೊಸ ಜಿಲ್ಲೆಗೆ ಸೇರಿ, ನರಸೀಪುರ ಮತ್ತು ನಂಜನಗೂಡುಗಳು ಮೈಸೂರು ಜಿಲ್ಲೆಯಲ್ಲಿಯೇ ಉಳಿದವು. ನರಸೀಪುರ ತಾಲ್ಲೂಕಿನಲ್ಲಿ ಕಸಬಾ, ಬನ್ನೂರು, ಸೋಸಲೆ, ತಲಕಾಡು, ಮೂಗೂರು ಹೋಬಳಿಗಳಿವೆ. ನಂಜನಗೂಡು ತಾಲ್ಲೂಕಿನಲ್ಲಿ ಕಸಬಾ, ಬಿಳಿಗೆರೆ, ಹುಲ್ಲಹಳ್ಳಿ, ದೊಡ್ಡಕವಲಂದೆ, ಚಿಕ್ಕಯ್ಯನಛತ್ರ ಹೋಬಳಿಗಳಿವೆ. ಕಂದಾಯದ ಲೆಕ್ಕದಲ್ಲಿ ಮೈಸೂರು ಜಿಲ್ಲೆಗೆ ಸೇರಿದ ಈ ಎರಡು ತಾಲ್ಲೂಕುಗಳು ಲೋಕಸಭೆಯ ಲೆಕ್ಕದಲ್ಲಿ ಚಾಮರಾಜನಗರ ಮೀಸಲು ಕ್ಷೇತ್ರಕ್ಕೆ ಸೇರಿವೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬನ್ನೂರು ವಿಧಾನಸಭಾ ಕ್ಷೇತ್ರ ಇಲ್ಲವಾಗಿ ವರುಣಾ ಎಂಬ ಹೊಸ ಕ್ಷೇತ್ರ ಬಂದಿತು. ಹಾಗಾಗಿ ಒಬ್ಬ ರೈತನು ಪಹಣಿಗೆ ಒಂದು ಕಡೆಗೂ ಮತಕ್ಕೆ ಇನ್ನೊಂದು ಕಡೆಗೂ ಸೇರಿದವನಾಗಿರುವುದು ಇಲ್ಲಿ ಸಾಮಾನ್ಯ.

ಜನಸಮುದಾಯಗಳು

ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಬರೆದ ವರದಿಯಿಂದ ಹಿಡಿದು, ಲೂಯಿ ರೈಸರ ಗೆಜೆಟಿಯರು, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳವರೆಗೆ ಈ ಭಾಗದ ಸಮುದಾಯಗಳ ವಿವರಗಳು ದೊರೆಯುತ್ತವೆ. ಲಿಂಗಾಯತರು, ಗಂಗಡಿಕಾರ ಒಕ್ಕಲಿಗರು, ಹಾಲುಮತದ ಕುರುಬರು, ಉಪ್ಪಾರರು ಅಥವಾ ಉಪ್ಪಲಿಗರು, ನಾಯಕರು ಮತ್ತು ಪರಿವಾರದವರು, ಬೆಸ್ತರು, ಹೊಲೆಯರು, ಮಾದಿಗರು, ಮಡಿವಾಳರು, ಕುಂಬಾರರು, ದೇವಾಂಗರು, ಪಂಚಾಳರು, ಬ್ರಾಹ್ಮಣರಲ್ಲಿ ಸ್ಮಾರ್ತ, ಮಾಧ್ವ, ಶ್ರೀವೈಷ್ಣವರು, ಮುಸಲ್ಮಾನರು ಇಲ್ಲಿನ ಮುಖ್ಯ ಸಮುದಾಯಗಳು. ತೆಂಕಣದ ಕಾಡಂಚಿನಲ್ಲಿ ಸೋಲಿಗರು, ಪಡುವಣದಲ್ಲಿ ಜೇನುಕುರುಬ, ಬೆಟ್ಟಕುರುಬರು ನೆಲೆಸಿದ್ದಾರೆ.

ಗಂಗಡಿಕಾರ ಎಂಬ ಕುಲನಾಮವು ಗಂಗವಾಡಿಕಾರ ಎಂಬುದರಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಅಳಿದುಹೋದ ಆಡಳಿತ ವಿಭಾಗವೊಂದರ ಹೆಸರು ಒಂದು ಜನಸಮುದಾಯದ ಹೆಸರಾಗಿ ಉಳಿದಿರುವುದಕ್ಕೆ ಇದು ಉತ್ತಮ ನಿದರ್ಶನ. ಇದಕ್ಕೆ ವಿರುದ್ಧವಾದ ನಿದರ್ಶನ ತಲಕಾಡಿನದು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಮರವೊಂದನ್ನು ಕಡಿಯಲು ನೆತ್ತರು ಚಿಮ್ಮಿ ಶಿವನು ಪ್ರಕಟವಾದನೆಂದೂ ಅವರ ಹೆಸರಿನಿಂದಲೇ ಊರಿಗೆ ಹೆಸರಾಯಿತೆಂದೂ ಸ್ಥಳೈತಿಹ್ಯವಿದೆ. ರಾಜಧಾನಿಯ ಹೆಸರಿಗೆ ಬೇಟೆಯ ಜನರು ಮೂಲವೆಂದು ಹೇಳುವ ಈ ಕಥೆಯು ಆ ಜನರ ಮೊದಲ ಹಕ್ಕನ್ನು ಒಪ್ಪಿಕೊಂಡ ದಾಖಲೆಯಂತಿದೆ.

ಭಾಷೆಯ ದೃಷ್ಟಿಯಿಂದ ಕನ್ನಡವೇ ಎಲ್ಲರನ್ನೂ ಬೆಸೆದ ನುಡಿ. ನಂಜನಗೂಡು, ಬನ್ನೂರು, ನರಸೀಪುರ ಪೇಟೆಗಳ ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದು, ಕೆಲವು ಕುಲಗಳ ಮನೆಗಳಲ್ಲಿ ತಮಿಳು ಮತ್ತು ತೆಲುಗು, ಕಾಡಂಚಿನಲ್ಲಿ ಸೋಲಿಗನುಡಿ ಕೇಳಿಬರುತ್ತವೆ. ಕಸುಬುಗಳು ಈ ಜನರನ್ನು ಪರಸ್ಪರ ಅವಲಂಬಿಗಳನ್ನಾಗಿ ಮಾಡಿವೆ. ಮೂಗೂರು ಮತ್ತು ನರಸೀಪುರ ಭಾಗದ ರೇಷ್ಮೆಯನ್ನೇ ತೆಗೆದುಕೊಂಡರೆ, ಹಿಪ್ಪುನೇರಳೆ ಬೆಳೆಯುವವರು, ಹುಳು ಸಾಕುವವರು, ಗೂಡು ಕೊಳ್ಳುವವರು, ನೂಲು ಬಿಚ್ಚುವವರು ಬೇರೆ ಬೇರೆ ಸಮುದಾಯಗಳವರಾಗಿರುವುದನ್ನು ಕಾಣಬಹುದು.

ಕುಲಗಳ ಗಡಿ ಮತ್ತು ಗ್ರಾಮದ ಆಡಳಿತ

ಪ್ರಭುತ್ವದ ಆಡಳಿತ ಹೋಬಳಿಯವರೆಗೆ ಬಂದು ನಿಲ್ಲುತ್ತಿತ್ತು. ಅದರ ಕೆಳಗೆ ಊರಿನ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿಯರ ವ್ಯವಸ್ಥೆಯಿತ್ತು. ಅದಕ್ಕೆ ಸಮಾನಾಂತರವಾಗಿ ಪ್ರತಿ ಕುಲಕ್ಕೂ ತನ್ನದೇ ನ್ಯಾಯವ್ಯವಸ್ಥೆಯಿತ್ತು. ಕೆಲವು ಊರುಗಳು ಸೇರಿ ಒಂದು ಗಡಿ ಅಥವಾ ಕಟ್ಟೆಮನೆ, ಅದಕ್ಕೊಬ್ಬ ಯಜಮಾನ, ಅವನ ಮಾತನ್ನು ಊರೂರಿಗೆ ಮುಟ್ಟಿಸಲು ಒಬ್ಬ ಚಾಕರ. ಮದುವೆ, ಕೂಡಿಕೆ, ಸೂತಕ, ಕುಲದಿಂದ ಹೊರಗಿಡುವುದು, ಮತ್ತೆ ಕೂಡಿಸಿಕೊಳ್ಳುವುದು ಇವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಈ ಗಡಿಗಳು ತಾಲ್ಲೂಕಿನ ಎಲ್ಲೆಗೆ ಹೊಂದಿಕೆಯಾಗಬೇಕೆಂಬ ನಿಯಮವಿರಲಿಲ್ಲ. ಹಳೆಯ ಮೈಸೂರಿನ ಸಮುದಾಯಗಳನ್ನು ಬಲಗೈನ ಹದಿನೆಂಟು ಪಣ, ಎಡಗೈನ ಒಂಬತ್ತು ಪಣ ಎಂದು ಗುಂಪುಗೂಡಿಸುತ್ತಿದ್ದ ಕ್ರಮವನ್ನು ರೈಸರು ವಿವರಿಸಿದ್ದಾರೆ. ಪೇಟೆಯ ಬೀದಿಗಳಲ್ಲಿ ಯಾರ ಮೆರವಣಿಗೆ ಎಲ್ಲಿಯವರೆಗೆ ಹೋಗಬೇಕೆಂಬ ವಿವಾದಗಳೂ ಈ ವಿಭಜನೆಯಿಂದಲೇ ಹುಟ್ಟುತ್ತಿದ್ದವು.

ಇಲ್ಲಿ ಕುಳವಾಡಿಯ ಸ್ಥಾನವನ್ನು ವಿಶೇಷವಾಗಿ ಗಮನಿಸಬೇಕು. ಕುಳವಾಡಿಯು ಹೊಲೆಯ ಸಮುದಾಯದವನು. ಊರಿನ ಕೆಲಸಗಳಿಗೆ ಹೊಣೆಗಾರನಾದ ಗ್ರಾಮಸೇವಕ. ಮೈಸೂರು ಸೀಮೆಯ ಗ್ರಾಮಪದ್ಧತಿಗಳನ್ನು ಕುರಿತು ಜೆ.ಎಸ್.ಎಫ್. ಮೆಕೆಂಜಿ 1873ರಲ್ಲಿ ಬರೆದ ಲೇಖನದಲ್ಲಿ ಒಂದು ಸಂಗತಿ ದಾಖಲಾಗಿದೆ. ಎರಡು ಊರುಗಳ ನಡುವೆ ಎಲ್ಲೆಯ ವ್ಯಾಜ್ಯ ಬಂದಾಗ ಅದನ್ನು ಬಗೆಹರಿಸುವ ಅಧಿಕಾರ ಕುಳವಾಡಿಯದು. ಆ ನೆಲದ ಮಣ್ಣನ್ನು ನೀರಿನಲ್ಲಿ ಕಲಸಿ ಉಂಡೆ ಮಾಡಿ ಅವನ ತಲೆಯ ಮೇಲಿಡುತ್ತಿದ್ದರು. ಅವನು ಅದನ್ನು ಹೊತ್ತು ನಡೆದ ದಾರಿಯೇ ಎಲ್ಲೆ. ಅವನು ಸುಳ್ಳು ದಾರಿ ತುಳಿದರೆ ಉಂಡೆ ಒಡೆದುಹೋಗುವುದೆಂಬುದು ನಂಬಿಕೆ. ಊರೊಳಗೆ ಮನೆ ಕಟ್ಟಲು ಅವಕಾಶವಿಲ್ಲದವನು, ಹಲವು ಕಡೆ ತುಂಡು ಹೊಲವೂ ಇಲ್ಲದವನು ಊರಿನ ಎಲ್ಲೆಯನ್ನು ನಿರ್ಣಯಿಸುತ್ತಿದ್ದನು. ಆ ನೆಲದ ಮೂಲನಿವಾಸಿ ಅವನೆಂಬ ಅರಿವು ಸಮಾಜದಲ್ಲಿ ಉಳಿದುದರಿಂದಲೇ ಈ ಅಧಿಕಾರ ಅವನಿಗೆ ಉಳಿಯಿತೆಂದು ಮೆಕೆಂಜಿಯ ವಿವರಣೆಯಿಂದ ತಿಳಿಯಬಹುದು. ಸರ್ವೆಯ ಸರಪಳಿ ಬಂದ ಮೇಲೆ ಮಣ್ಣಿನ ಉಂಡೆಯ ಅಗತ್ಯ ಬೀಳಲಿಲ್ಲ. ಹೊಸ ಪದ್ಧತಿಯಲ್ಲಿ ಎಲ್ಲೆಕಲ್ಲುಗಳು ಬಂದವು. ಎಲ್ಲೆ ಬಲ್ಲವನ ಹಕ್ಕು ಮಾತ್ರ ಯಾವ ವಹಿಗೂ ಏರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. 1954ರ ಇನಾಮು ರದ್ದತಿ ಕಾಯಿದೆ ಮತ್ತು 1974ರ ಭೂಸುಧಾರಣಾ ತಿದ್ದುಪಡಿಗಳು ಅಗ್ರಹಾರಗಳ ಹಾಗೂ ಮಠಗಳ ಗದ್ದೆಗಳನ್ನು ಉಳುವವರ ಕೈಗೆ ತಂದವು. ಆದರೆ ಗೇಣಿ ಒಕ್ಕಲುಗಳಾಗಿದ್ದವರಿಗೆ ಭೂಮಿ ದೊರೆತಷ್ಟು ಸುಲಭವಾಗಿ ಬರಿಯ ಕೂಲಿಯಾಗಿದ್ದವರಿಗೆ ದೊರೆಯಲಿಲ್ಲ.

ದೈವಗಳ ಒಕ್ಕಲು

ಜನಪದ ಕಾವ್ಯ ಮತ್ತು ಜಾತ್ರೆಗಳನ್ನು ಭೂಗೋಳದ ಆಕರಗಳೆಂದು ಓದಿದರೆ ಇನ್ನೊಂದು ನಕ್ಷೆ ತೆರೆದುಕೊಳ್ಳುತ್ತದೆ. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಮಾದಪ್ಪನು ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದಲ್ಲಿ ರಾಗಿ ಬೀಸಿ, ಅಲ್ಲಿಂದ ಕೊಳ್ಳೇಗಾಲ ಸೀಮೆಯ ಕುಂತೂರಿನ ಪ್ರಭುಸ್ವಾಮಿಗಳ ಮಠಕ್ಕೆ ಬಂದು, ಕೊನೆಗೆ ಏಳುಮಲೆಯಲ್ಲಿ ನೆಲೆಗೊಳ್ಳುತ್ತಾನೆ. ಈ ದಾರಿಯು ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಿಂದ ಕೊಯಮತ್ತೂರು ಜಿಲ್ಲೆಗೆ ಹೋಗುವ ದಾರಿ. ಕಾವ್ಯಕ್ಕೆ ಆ ಗಡಿಯ ಅರಿವೇ ಇಲ್ಲ. ಹಾಲುಮತದ ಜುಂಜೇಗೌಡ, ಸೋಲಿಗರ ಸಂಕಮ್ಮ ಮೊದಲಾದವರು ಈ ಕಾವ್ಯದ ಪಾತ್ರಗಳು. ಬೆಟ್ಟದ ಪೂಜಾರಿಕೆ ಬೇಡಗಂಪಣ ಲಿಂಗಾಯತರದು. ಕಂಸಾಳೆ ಹಿಡಿದು ಹಾಡುವವರು ದೇವರಗುಡ್ಡರು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಈ ಕಾವ್ಯವನ್ನು ಸಂಗ್ರಹಿಸಿ ಪ್ರಕಟಿಸಿದ ಮೇಲೆ ಅದರ ಹರಹು ವಿದ್ವಾಂಸರಿಗೆ ಮನವರಿಕೆಯಾಯಿತು.

ಮಂಟೇಸ್ವಾಮಿ ಪರಂಪರೆಯ ಕ್ಷೇತ್ರಗಳು ಇದಕ್ಕಿಂತ ಹೆಚ್ಚು ಚದುರಿವೆ. ಬೊಪ್ಪೇಗೌಡನಪುರ ಮಂಡ್ಯ ಜಿಲ್ಲೆಯಲ್ಲಿದೆ, ಚಿಕ್ಕಲ್ಲೂರು ಚಾಮರಾಜನಗರ ಜಿಲ್ಲೆಯಲ್ಲಿದೆ, ಕಪ್ಪಡಿ ಮೈಸೂರು ಜಿಲ್ಲೆಯಲ್ಲಿದೆ. ಈ ಮೂರೂ ಕಡೆಗೆ ಎಡತಾಕುವ ಒಕ್ಕಲುಗಳು ನರಸೀಪುರ, ನಂಜನಗೂಡು ತಾಲ್ಲೂಕುಗಳ ಊರೂರಿನಲ್ಲಿವೆ. ಕಾವ್ಯವನ್ನು ಹಾಡುವ ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಕಾವ್ಯದ ನಾಯಕ ಸಿದ್ಧಪ್ಪಾಜಿ ಪಂಚಾಳರ ಮನೆಯಲ್ಲಿ ಕೆಂಪಾಚಾರಿಯಾಗಿ ಹುಟ್ಟಿದವನು. ಮಠದ ಬುದ್ಧಿಯವರು ಅರಸು ಮನೆತನದವರು. ಒಂದೇ ಪರಂಪರೆಯೊಳಗೆ ಮೇಲಿನವರಿಗೂ ಕೆಳಗಿನವರಿಗೂ ಹೊಣೆ ಹಂಚಿಹೋಗಿದೆ. ಬಿಳಿಗಿರಿರಂಗನೂ ಇದೇ ಮಾದರಿಗೆ ಸೇರುತ್ತಾನೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದವನೆಂದು ಸೋಲಿಗರು ಅವನನ್ನು ಭ���ವನೆಂದು ಕರೆಯುತ್ತಾರೆ. ಅವನ ದೊಡ್ಡ ತೊಗಲು ಪಾದುಕೆಗಳನ್ನು ಮಾಡಿ ಒಪ್ಪಿಸುವವರು ಚರ್ಮದ ಕಸುಬಿನವರು.

ನಂಜನಗೂಡಿನ ಶ್ರೀಕಂಠೇಶ್ವರನು ಅರಸರ, ಬ್ರಾಹ್ಮಣರ, ಶೂದ್ರರ ದೇವರಾಗಿರುವಂತೆಯೇ ಮುಸಲ್ಮಾನರ ನೆನಪಿನಲ್ಲಿಯೂ ಇರುವ ದೇವರು. ಟಿಪ್ಪುವಿನ ಪಟ್ಟದಾನೆಯ ಕಣ್ಣಿನ ಬೇನೆ ವಾಸಿಯಾಯಿತೆಂದೂ ಅಂದಿನಿಂದ ಸುಲ್ತಾನನು ದೇವರನ್ನು ಹಕೀಮ್ ನಂಜುಂಡನೆಂದು ಕರೆದು ಪಚ್ಚೆಲಿಂಗವನ್ನು ಒಪ್ಪಿಸಿದನೆಂದೂ ಐತಿಹ್ಯವಿದೆ. ಜನಪದ ಕಥನದಲ್ಲಿ ಅದೇ ನಂಜುಂಡನು ಕಪಿಲೆಯನ್ನು ದಾಟಿ ಮೈಸೂರಿನ ಚಾಮುಂಡಿಯನ್ನು ಒಲಿದವನು. ಕುಲಭೇದ, ಊಟದ ಭೇದ, ಮನೆಯವಳ ಮುನಿಸು ಇವೆಲ್ಲ ಆ ಕಥನದ ವಸ್ತು. ಭಿನ್ನ ಕುಲಗಳ ನಡುವಣ ಬಿರುಕನ್ನು ದೇವರ ಸಂಸಾರದ ಮೇಲಿಟ್ಟು ಮಾತಾಡುವ ಜಾಣ್ಮೆ ಅಲ್ಲಿದೆ.

ಮುಡುಕುತೊರೆಯ ಮಲ್ಲಿಕಾರ್ಜುನ, ಮೂಗೂರಿನ ತ್ರಿಪುರಸುಂದರಿ, ಸುತ್ತೂರಿನ ಜಾತ್ರೆಗಳಲ್ಲಿ ಊರೂರಿನ ಕುಲಗಳಿಗೆ ಸಂದ ಹೊಣೆಗಳಿವೆ. ನರಸೀಪುರದ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ನಡೆಯಿತು. ಇವುಗಳೊಂದಿಗೆ ಸೋಮನಾಥಪುರವನ್ನು ಹೋಲಿಸಿದರೆ ಒಂದು ವೈದೃಶ್ಯ ತೋರುತ್ತದೆ. ಕೇಶವ ದೇವಾಲಯದಲ್ಲಿ ಪೂಜೆ ನಿಂತುಹೋಗಿದೆ. ಶಾಸನವೂ ಶಿಲ್ಪವೂ ಉಳಿದಿವೆ, ಒಕ್ಕಲು ಉಳಿದಿಲ್ಲ. ಮುಡುಕುತೊರೆಯಲ್ಲಿ ತೇರಿನ ಹಗ್ಗ ಹಿಡಿಯುವ ಕೈಗಳಿಂದ ಈ ನಾಡಿನ ಜನರಚನೆಯನ್ನು ಓದಬಹುದು.

ಹೆಸರುಗಳ ರಾಜಕಾರಣ

ಆಡಳಿತವು ನೆಲವನ್ನು ವಿಭಾಗಿಸಿದಂತೆ ಜನರನ್ನೂ ವಿಭಾಗಿಸಿ ಹೆಸರಿಟ್ಟಿತು. 1920ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರವು ಪಂಚಮ ಮೊದಲಾದ ಪದಗಳನ್ನು ಕೈಬಿಟ್ಟು ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳನ್ನು ಬಳಕೆಗೆ ತಂದಿತು. ಅವಮಾನದ ಹೆಸರಿನಿಂದ ಬಿಡುಗಡೆ ನೀಡಿದ ಈ ಕ್ರಮ ಸದುದ್ದೇಶದ್ದು. ಆದರೆ ಬಲಗೈನ ಹೊಲೆಯರೂ ಎಡಗೈನ ಮಾದಿಗರೂ ಬೇರೆ ಬೇರೆ ಊರುಗಳಲ್ಲಿ ಇದೇ ಹೆಸರುಗಳನ್ನು ಬರೆಯಿಸಿಕೊಂಡರು. ಕಡತದಲ್ಲಿ ಇಬ್ಬರೂ ಒಂದಾದರು. ಜಾತ್ರೆಯಲ್ಲಿ ತಮಟೆ ಯಾರದು, ಕೊಂಬು ಯಾರದು, ಹಳೆಯ ಮಾದಿಗತನ ಮತ್ತು ಕುಳವಾಡಿಕೆ ಯಾವ ಮನೆಗೆ ಸೇರಿದುದು ಎಂಬುದರಲ್ಲಿ ಇಬ್ಬರೂ ಬೇರೆಯಾಗಿಯೇ ಉಳಿದರು. ಒಳಮೀಸಲಾತಿಯ ಪ್ರಶ್ನೆ ಎದ್ದಾಗ ಈ ಗೊಂದಲ ಗಂಭೀರವಾಯಿತು. ಸರ್ವೋಚ್ಚ ನ್ಯಾಯಾಲಯವು 2024ರ ಆಗಸ್ಟ್‌ನಲ್ಲಿ ಒಳವರ್ಗೀಕರಣಕ್ಕೆ ಅವಕಾಶ ನೀಡಿದ ಮೇಲೆ, 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗವು ಆದಿಕರ್ನಾಟಕ, ಆದಿದ್ರಾವಿಡ ಎಂದು ಬರೆಯಿಸಿದವರ ಮೂಲಜಾತಿಯನ್ನು ಕೇಳಿ ಸಮೀಕ್ಷೆ ನಡೆಸಬೇಕಾಯಿತು. ನೂರು ವರ್ಷಗಳ ಹಿಂದೆ ಕಡತವು ಮರೆತುದನ್ನು ಮನೆಮನೆಗೆ ಹೋಗಿ ಕೇಳಿ ತಿಳಿಯುವ ಪ್ರಸಂಗ ಒದಗಿತು.

ಪರಿವಾರದವರ ಸಂಗತಿಯೂ ಇಂತಹುದೇ. ನಾಯಕ ಸಮುದಾಯಕ್ಕೆ ಸೇರಿದವರಾದರೂ ಹೆಸರು ಬೇರೆಯಾಗಿದ್ದುದರಿಂದ ಪರಿಶಿಷ್ಟ ಪಂಗಡದ ಸೌಲಭ್ಯಕ್ಕಾಗಿ ದೀರ್ಘಕಾಲ ಹೋರಾಡಬೇಕಾಯಿತು. 2020ರ ಸಂವಿಧಾನ ಪರಿಶಿಷ್ಟ ಪಂಗಡಗಳ ಆದೇಶದ ತಿದ್ದುಪಡಿಯಿಂದ ಪರಿವಾರ ಮತ್ತು ತಳವಾರ ಎಂಬ ಹೆಸರುಗಳು ನಾಯಕದ ಪರ್ಯಾಯಗಳೆಂದು ಪಟ್ಟಿಗೆ ಸೇರಿದವು. ಕಾಡುಕುರುಬದ ಪರ್ಯಾಯವಾಗಿ ಬೆಟ್ಟಕುರುಬ ಎಂಬ ಹೆಸರು ಪಟ್ಟಿಗೆ ಸೇರಿದುದು 2022ರಲ್ಲಿ. ಕುಲದ ಕಥನ, ದೇವರ ಒಕ್ಕಲು, ಮದುವೆಯ ಸಂಬಂಧಗಳು ತಲೆಮಾರುಗಳಿಂದ ಹೇಳುತ್ತಿದ್ದುದನ್ನು ಕಾನೂನು ತಡವಾಗಿ ಒಪ್ಪಿತು.

ಆಚರಣೆಯಲ್ಲಿ ಉಳಿದ ನೆನಪು ಸತ್ಯವೆಂದಮಾತ್ರಕ್ಕೆ ಅದು ನ್ಯಾಯವಾದುದೆಂದು ಭಾವಿಸುವಂತಿಲ್ಲ. ಜಾತ್ರೆಯಲ್ಲಿ ಹೊಣೆಯಿದ್ದವನಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳು ಇದಕ್ಕೆ ಸಾಕ್ಷಿ. ತಗಡೂರು ರಾಮಚಂದ್ರರಾಯರ ಶ್ರಮದಿಂದ ಖಾದಿಯ ಕೇಂದ್ರವಾಗಿ ಬೆಳೆದು, 1927ರಲ್ಲಿ ಗಾಂಧೀಜಿ ಭೇಟಿ ನೀಡಿದ, ದಲಿತ ಹೆಣ್ಣುಮಕ್ಕಳು ನೂಲು ತೆಗೆದು ಅನ್ನ ಕಂಡುಕೊಂಡ ಊರು ಅದು. ಅದೇ ಊರಿನಲ್ಲಿ 1993ರಲ್ಲಿ ದೇವಾಲಯ ಪ್ರವೇಶದ ವೈಷಮ್ಯವು ಮೂವರು ದಲಿತರ ಕೊಲೆಯಲ್ಲಿ ಕೊನೆಗೊಂಡಿತು. ಒಕ್ಕಲಿನ ನಕ್ಷೆ ಜನರನ್ನು ಕೂಡಿಸುತ್ತದೆ, ಆದರೆ ಸರಿಸಮನಾಗಿ ಕೂರಿಸುವುದಿಲ್ಲ. ಸಮಾನತೆಯ ಭರವಸೆ ಬಂದುದು ಸಂವಿಧಾನದಿಂದ, ಅಂದರೆ ಸೀಮೆಯ ಕಡೆಯಿಂದ.

ಸಮಾರೋಪ

ಸೋಮನಾಥಪುರ ಪರಿಸರದ ಇತಿಹಾಸದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗಂಗವಾಡಿಯಿಂದ ಇಂದಿನ ಜಿಲ್ಲೆಗಳವರೆಗೆ ಆಡಳಿತದ ಎಲ್ಲೆಗಳು ರಾಜಕೀಯ ಅಗತ್ಯಕ್ಕೆ ತಕ್ಕಂತೆ ಬದಲಾಗಿವೆ. ಜನರ ಒಡನಾಟದ ಎಲ್ಲೆಗಳು ನದಿ, ಕಸುಬು, ನೆಂಟಸ್ತನ ಮತ್ತು ದೈವಗಳನ್ನು ಅನುಸರಿಸಿವೆ. ಎರಡನೆಯದಾಗಿ, ಸಮುದಾಯಗಳ ಹೆಸರು ಮತ್ತು ಗುರುತುಗಳಿಗೆ ಸಂಬಂಧಿಸಿದಂತೆ ಜಾನಪದ ಆಕರಗಳು ಕಡತಗಳ ಕೊರತೆಯನ್ನು ತುಂಬಬಲ್ಲವು. ಮೂರನೆಯದಾಗಿ, ಹಕ್ಕು ಮತ್ತು ಸಮಾನತೆಯ ಪ್ರಶ್ನೆಯಲ್ಲಿ ಆ ಆಕರಗಳನ್ನೇ ಪ್ರಮಾಣವೆಂದು ಒಪ್ಪಲಾಗದು.

ಆದುದರಿಂದ ಈ ಪ್ರದೇಶದ ಮುಂದಿನ ಅಧ್ಯಯನಗಳು ಶಾಸನ ಸಂಪುಟ, ಗೆಜೆಟಿಯರು, ಜನಗಣತಿಗಳೊಂದಿಗೆ ಜಾತ್ರೆಯ ಹೊಣೆಗಾರಿಕೆಯ ವಿವರ, ಕುಲಪಂಚಾಯಿತಿಯ ಗಡಿಗಳು, ಹುಂಡಿಗಳ ವಲಸೆಯ ಕಥನ, ನೀಲಗಾರ ಮತ್ತು ದೇವರಗುಡ್ಡರ ಒಕ್ಕಲುಪಟ್ಟಿ ಇವುಗಳನ್ನು ಊರೂರಿಗೆ ಸಂಗ್ರಹಿಸಿ ಇಟ್ಟು ನೋಡಬೇಕಾಗಿದೆ. ಹಿರಿಯ ಯಜಮಾನರು, ಗುಡ್ಡರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಅದು ತಡಮಾಡಬಹುದಾದ ಕೆಲಸವಲ್ಲ. ಕೇಶವ ದೇವಾಲಯವನ್ನು ಕಟ್ಟಿಸಿದವನ ಹೆಸರೂ ಕಡೆದವರ ಹೆಸರೂ ದೊರೆತಿವೆ. ತಲೆಯ ಮೇಲೆ ಮಣ್ಣಿನ ಉಂಡೆ ಹೊತ್ತು ಈ ನಾಡಿನ ಎಲ್ಲೆಗಳನ್ನು ನಡೆದವರ ಮನೆತನಗಳನ್ನು ಗುರುತಿಸುವುದು ಇನ್ನು ನಡೆಯಬೇಕಾದ ಕೆಲಸ.